ಅಮ್ಮ ಹೆಣೆದ ಗರಿಶಿಲುಬೆ

ಪ್ರಶ್ನೆ: ನನಗೆ 43 ವರ್ಷ. ಹಾಸನ ಜಿಲ್ಲೆಯ ಕಥೋಲಿಕ ಮನೆತನದವಳು. ನಮ್ಮಜ್ಜಿ ಶೆಟ್ಟಿಹಳ್ಳಿಯವರು. ಗಂಡ ಮಂಗಳೂರಿನ ಕಡೆಯವರು, ಅವರ ಮನೆಮಾತು ಕೊಂಕಣಿ. ಮೂರು ವರ್ಷದ ಹಿಂದೆ ಅವರ ಕೆಲಸದ ಸಲುವಾಗಿ ಬೆಂಗಳೂರು ಬಿಟ್ಟು ಗುರುಗ್ರಾಮಕ್ಕೆ ಬಂದೆವು. ನಾನೂ ಇಲ್ಲೊಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುತ್ತೇನೆ. ಮಗ ಹತ್ತನೇ ತರಗತಿ.

ಊರಲ್ಲಿ ತಪಸ್ಸುಕಾಲ ಬಂತೆಂದರೆ ಮನೆಯ ಗಾಳಿಯೇ ಬೇರೆಯಾಗುತ್ತಿತ್ತು. ಶುಕ್ರವಾರ ಗಂಜಿ, ಹುರುಳಿ ಚಟ್ನಿ. ಸಂಜೆ ಶಿಲುಬೆಯ ಹಾದಿ. ಅಮ್ಮ ಮುಂದೆ ನಿಂತು ಹಾಡು ಎತ್ತಿಕೊಟ್ಟರೆ ಉಳಿದವರು ಹಿಡಿದುಕೊಳ್ಳುತ್ತಿದ್ದರು. ಇಲ್ಲಿ ಚರ್ಚು ದೊಡ್ಡದು, ಜನ ಬಹಳ. ಇಂಗ್ಲಿಷ್ ಪೂಜೆಯಲ್ಲಿ ನನ್ನ ಬಾಯಿ ಆಡುತ್ತದೆ, ಮನಸ್ಸು ಕೂಡುವುದಿಲ್ಲ. ಹಿಂದಿ ಪೂಜೆಗೆ ಬರುವವರೆಲ್ಲ ಮನೆಗೆಲಸದ ಹೆಂಗಸರು, ಅವರ ನಡುವೆ ನಾನು ಹೋಗಿ ಏನು ಮಾಡಲಿ?

ಹೋದ ಏಪ್ರಿಲ್‌ನಲ್ಲಿ ಊರಿಗೆ ಹೋಗಿದ್ದೆ. ಗರಿಗಳ ಭಾನುವಾರದ ಪೂಜೆ ಮುಗಿದ ಮೇಲೆ ಅಮ್ಮ ಜಗಲಿಯಲ್ಲಿ ಕೂತು ಈಚಲು ಗರಿಯಲ್ಲಿ ಶಿಲುಬೆ ಹೆಣೆದು ಕೈಗೆ ಕೊಟ್ಟಳು. ಜೂನ್‌ನಲ್ಲಿ ಹೋಗಿಬಿಟ್ಟಳು, 70 ವರ್ಷ. ನಾನು ತಲುಪುವಷ್ಟರಲ್ಲಿ ಮಣ್ಣು ಮಾಡಿ ಆಗಿತ್ತು. ಅಲ್ಲಿಂದೀಚೆಗೆ ಚರ್ಚಿಗೆ ಹೋಗಿದ್ದು ಕ್ರಿಸ್ಮಸ್‌ಗೆ ಒಂದೇ ಸಲ. ಈಗ ಚರ್ಚಿನ ವಾಟ್ಸಾಪ್ ಗುಂಪಿನಲ್ಲಿ, ವಿಭೂತಿಗೆ ಸುಡಲು ಹಳೆಯ ಗರಿಗಳನ್ನು ತಂದುಕೊಡಿ ಎಂದು ಸೂಚನೆ ಬಂದಿದೆ. ಅಮ್ಮನ ಶಿಲುಬೆ ನಮ್ಮ ಹಾಲಿನ ಗೋಡೆಯ ಮೇಲಿದೆ. ಕೊಡಲಾರೆ. ಕೊಡದಿದ್ದರೆ ತಪ್ಪೇ? ಅವಳು ಹೆಣೆಯುವಾಗ ಎದುರಿಗೇ ಇದ್ದೆ, ಫೋನು ನೋಡುತ್ತಾ ಕೂತಿದ್ದೆ. ಮೊದಲ ಮಡಿಕೆ ಎಡಕ್ಕೋ ಬಲಕ್ಕೋ, ಅದೂ ನನಗೆ ಗೊತ್ತಿಲ್ಲ.

ಈ ಸಲ 40 ದಿನವೂ ಒಪ್ಪೊತ್ತು ಉಂಡು ಅಮ್ಮನಿಗಾಗಿ ಉಪವಾಸ ಮಾಡಬೇಕೆಂದಿದ್ದೇನೆ. ಹಿಮೋಗ್ಲೋಬಿನ್ 8 ಇದೆ, ಬೇಡ ಎಂದು ಗಂಡ ಬೈಯುತ್ತಾರೆ. ಹಣೆಯಲ್ಲಿ ಬೂದಿ ಇಟ್ಟುಕೊಂಡು ಆಫೀಸಿಗೆ ಹೋಗಬೇಡ ಅಂತಲೂ ಹೇಳುತ್ತಾರೆ. ಮಗ ಚರ್ಚೇ ಬೇಡ ಅನ್ನುತ್ತಾನೆ. ಪಕ್ಕದ ಫ್ಲಾಟಿನ ಮಲಯಾಳಿ ಕುಟುಂಬ ಹೋದ ವರ್ಷ ಸೋಮವಾರವೇ ವಿಭೂತಿ ಹಚ್ಚಿಸಿಕೊಂಡು ಬಂತು, ನಮ್ಮದು ಬುಧವಾರ. ಇಲ್ಲಿ ಯಾವುದೂ ನನ್ನದು ಅನ್ನಿಸುತ್ತಿಲ್ಲ. ಏನು ಮಾಡಲಿ?

ಹೆಸರು ಬೇಡ, ಗುರುಗ್ರಾಮ

ಉತ್ತರ: ಆ ಶಿಲುಬೆಯನ್ನು ಕೊಡಬೇಡಿ.

ನಿಮ್ಮ ಪತ್ರದಲ್ಲಿ ಹಲವು ಪ್ರಶ್ನೆಗಳಿವೆ. ಆದರೆ ನಿದ್ದೆ ಕೆಡಿಸಿರುವುದು ಇದೊಂದೇ ಎಂದು ಓದುವಾಗ ಅನ್ನಿಸಿತು, ಅದಕ್ಕೇ ಮೊದಲು ಇದನ್ನು ಹೇಳಿಬಿಟ್ಟೆ. ಕಳೆದ ವರ್ಷದ ಗರಿಗಳನ್ನು ಸುಟ್ಟು ಈ ವರ್ಷದ ವಿಭೂತಿ ಮಾಡುವುದು ಹಳೆಯ ಸಂಪ್ರದಾಯ. ಆದರೆ ಪ್ರತಿ ಮನೆಯವರೂ ತಮ್ಮ ಗರಿಯನ್ನು ತಂದೊಪ್ಪಿಸಲೇಬೇಕು ಎಂಬ ಕಟ್ಟಳೆ ಇಲ್ಲ. ಮಂತ್ರಿಸಿದ ಗರಿಯನ್ನು ಕಸದ ಬುಟ್ಟಿಗೆ ಹಾಕಬಾರದು, ಗೌರವದಿಂದ ಇಟ್ಟುಕೊಳ್ಳಬೇಕು, ಇಲ್ಲವೇ ಸುಡಬೇಕು. ರೂಢಿ ಅಷ್ಟೇ. ನೂರಾರು ಹಣೆಗಳಿಗೆ ಒಂದು ಸಣ್ಣ ಬಟ್ಟಲು ಬೂದಿ ಸಾಕಾಗುತ್ತದೆ. ನಿಮ್ಮದೊಂದು ಬರಲಿಲ್ಲವೆಂದು ಯಾರ ಹಣೆಯೂ ಬರಿದಾಗುವುದಿಲ್ಲ. ನಿಮ್ಮ ತಾಯಿ ವರ್ಷ ವರ್ಷ ತಾವು ಹೆಣೆದದ್ದನ್ನು ಚರ್ಚಿಗೆ ಕೊಡುತ್ತಿದ್ದಿರಬಹುದು. ಅವರಿಗೆ ಮುಂದಿನ ವರ್ಷ ಇನ್ನೊಂದು ಹೆಣೆಯುವ ಕೈ ಇತ್ತು. ನಿಮ್ಮ ಹತ್ತಿರ ಇರುವುದು ಈ ಒಂದೇ. ಇದು ಗೋಡೆಯ ಮೇಲೇ ಇರಲಿ, ಇದರಿಂದ ನಿಮಗೊಂದು ಕೆಲಸವಿದೆ, ಕೊನೆಯಲ್ಲಿ ಹೇಳುತ್ತೇನೆ.

ಉಪವಾಸದ ವಿಚಾರದಲ್ಲಿ ಮಾತ್ರ ನಾನು ನಿಮ್ಮ ಗಂಡನ ಪಕ್ಷ. ಹೆಂಗಸರಿಗೆ 12ರ ಮೇಲೆ ಇರಬೇಕಾದ ಹಿಮೋಗ್ಲೋಬಿನ್ 8ಕ್ಕೆ ಇಳಿದಿದೆ ಎಂದರೆ ನೀವು ಈಗಾಗಲೇ ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಿರುತ್ತೀರಿ. ಇನ್ನು ಸ್ವಲ್ಪ ಇಳಿದರೆ ವೈದ್ಯರು ಅದನ್ನು ತೀವ್ರ ರಕ್ತಹೀನತೆ ಎಂದೇ ಕರೆಯುತ್ತಾರೆ. ಧರ್ಮಸಭೆ ಕೇಳುವುದೂ ನೀವು ಅಂದುಕೊಂಡಷ್ಟಲ್ಲ. ಕಡ್ಡಾಯ ಉಪವಾಸ ಎರಡೇ ದಿನ, ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಅದೂ 18 ತುಂಬಿದವರಿಂದ 59ರವರೆಗಿನವರಿಗೆ. ಆ ದಿನಗಳಲ್ಲೂ ಒಂದು ಪೂರ್ತಿ ಊಟ ಮಾಡಬಹುದು, ಬೇಕೆನಿಸಿದರೆ ಎರಡು ಸಲ ಚೂರು ಏನಾದರೂ ತಿನ್ನಬಹುದು. ಕಾಯಿಲೆಯವರಿಗೆ, ಬಸುರಿಯರಿಗೆ, ಬಾಣಂತಿಯರಿಗೆ ಅದರಿಂದಲೂ ವಿನಾಯಿತಿ. ಶುಕ್ರವಾರಗಳಲ್ಲಿ ಮಾಂಸ ಬಿಡುವುದು ಬೇರೆ ವಿಷಯ, ಅದನ್ನು ನೀವು ಹೇಗೂ ಪಾಲಿಸುತ್ತೀರಿ. ಈ ವರ್ಷ ಫೆಬ್ರವರಿ 18ರ ಬುಧವಾರದಿಂದ ಏಪ್ರಿಲ್ 4ರ ಶನಿವಾರದವರೆಗೆ ಎಣಿಸಿದರೆ 46 ದಿನ ಬರುತ್ತದೆ. ನಡುವಿನ ಆರು ಭಾನುವಾರಗಳನ್ನು ಬಿಟ್ಟೇ 40. ಅಂದರೆ ಇಷ್ಟು ಗಂಭೀರ ಕಾಲದಲ್ಲೂ ವಾರಕ್ಕೊಂದು ದಿನ ಹೊಟ್ಟೆ ತುಂಬ ಉಣ್ಣಲು ನಮ್ಮ ಹಿರಿಯರು ಜಾಗ ಬಿಟ್ಟಿದ್ದರು.

ಇನ್ನೊಂದು ಮಾತು, ಬೇಸರ ಮಾಡಿಕೊಳ್ಳಬೇಡಿ. ನೀವು ಉಪವಾಸ ಎಂದು ಬರೆದಿದ್ದೀರಿ, ನನಗೆ ಅದು ದಂಡ ಎಂದು ಕೇಳಿಸಿತು. ಅಮ್ಮನ ಮುಖ ನೋಡಲಾಗಲಿಲ್ಲ, ಅದಕ್ಕೆ ನನ್ನ ಹೊಟ್ಟೆಯಿಂದ ತೀರಿಸುತ್ತೇನೆ ಎಂಬ ಹಟ ಅದರೊಳಗಿದೆ. ಗುರುಗ್ರಾಮದಲ್ಲಿ ಫೋನು ಬಂದ ಗಳಿಗೆಯಿಂದ ಟಿಕೆಟ್ ಹುಡುಕಿ, ವಿಮಾನ ಹತ್ತಿ, ಬೆಂಗಳೂರಿಗೆ ಇಳಿದು, ಅಲ್ಲಿಂದ ಹಾಸನದ ದಾರಿ ಹಿಡಿದು ಊರು ಸೇರಲು ಎಷ್ಟು ಹೊತ್ತು ಬೇಕು ಎಂದು ಲೆಕ್ಕಪತ್ರ ನೋಡುವ ನಿಮಗೆ ನಾನು ಹೇಳಬೇಕಿಲ್ಲ. ಊರವರು ಕಾಯುವಷ್ಟು ಕಾದಿರುತ್ತಾರೆ. ತಡವಾದದ್ದು ದಾರಿಯ ದೂರದಿಂದ. ಅದರಲ್ಲಿ ನಿಮ್ಮ ಪಾಪ ಏನೂ ಇಲ್ಲ. ಇಷ್ಟು ಹೇಳಿದರೂ ಮನಸ್ಸು ಒಪ್ಪದೆ ರಾತ್ರಿಯೆಲ್ಲ ಎಚ್ಚರವಿರುವುದು, ಸುಮ್ಮಸುಮ್ಮನೆ ಅಳು ಬರುವುದು, ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ನಡೆದಿದ್ದರೆ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ. ಭಾಷೆ ಆರಿಸಿಕೊಳ್ಳಬಹುದು. ಹಿಂದಿಯ ನಡುವೆ ಇದ್ದುಕೊಂಡೇ ಕನ್ನಡದಲ್ಲಿ ಅತ್ತು ಹೇಳಿಕೊಳ್ಳಬಹುದು. ಸಂಕೋಚ ಬೇಡ.

ತಾಯಿಗಾಗಿ ಏನಾದರೂ ಮಾಡಲೇಬೇಕು ಎಂಬ ನಿಮ್ಮ ಆಸೆ ಮಾತ್ರ ಒಳ್ಳೆಯದು. ಚರ್ಚಿನ ಕಚೇರಿಗೆ ಹೋಗಿ ಅವರ ಹೆಸರಿನಲ್ಲಿ ಒಂದು ಪೂಜೆ ಹೇಳಿಸಿ. ಊರಲ್ಲಿ ತಿಂಗಳ ಪೂಜೆ ಮಾಡಿಸಿರುತ್ತೀರಿ. ನಾನು ಹೇಳುತ್ತಿರುವುದು ಗುರುಗ್ರಾಮದಲ್ಲಿ. ಕಚೇರಿಯವರು ಹೆಸರನ್ನು ಇಂಗ್ಲಿಷಿನಲ್ಲಿ ಬರೆದುಕೊಳ್ಳುತ್ತಾರೆ, ಓದುವ ಗುರುಗಳು ಅದನ್ನು ಸ್ವಲ್ಪ ಹಿಂದಿ ಮಾಡಿ ಓದುತ್ತಾರೆ. ಓದಲಿ. ನಿಮ್ಮ ತಾಯಿಯನ್ನು ಕಂಡೇ ಇರದ ಇನ್ನೂರು ಮುನ್ನೂರು ಜನ ಆ ಹೆಸರಿಗೆ ತಲೆಬಾಗುವುದನ್ನು ಒಮ್ಮೆ ಅಲ್ಲಿ ನಿಂತು ನೋಡಿ. ಮೂರು ವರ್ಷದಿಂದ ಪರರದ್ದು ಅನ್ನಿಸಿದ ಕಟ್ಟಡದೊಳಗೆ ನಿಮ್ಮ ಮನೆಯ ಹೆಸರೊಂದು ಕೇಳಿಬರುತ್ತದೆ.

ಈಗ ಭಾಷೆಯ ವಿಷಯ. ಇದರ ಬಗ್ಗೆ ನನಗೆ ಹೇಳಲು ಬಹಳ ಇದೆ.

ನಿಮ್ಮಜ್ಜಿ ಶೆಟ್ಟಿಹಳ್ಳಿಯವರು ಎಂದಿರಿ. ಹೇಮಾವತಿಯ ನೀರಿನಲ್ಲಿ ಮುಳುಗಿ ಏಳುವ ಆ ಜಪಮಾಲೆ ಮಾತೆಯ ದೇವಾಲಯ ಈಗ ಪ್ರವಾಸಿಗರ ಫೋನುಗಳಲ್ಲೆಲ್ಲ ಇದೆ. ನಿಮ್ಮಜ್ಜಿಗೆ ಅದು ಪೂಜೆಗೆ ಹೋಗುವ ಗುಡಿಯಾಗಿತ್ತು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು. ಅಜ್ಜಿ ಅಲ್ಲಿ ಹುಡುಗಿಯಾಗಿ ಮಂಡಿಯೂರಿದಾಗ ಪೂಜೆ ಯಾವ ಭಾಷೆಯಲ್ಲಿತ್ತು ಎಂದು ಯೋಚಿಸಿದ್ದೀರಾ? ಲ್ಯಾಟಿನ್. ಗುರುಗಳು ಪೀಠದ ಕಡೆ ಮುಖ, ಜನರ ಕಡೆ ಬೆನ್ನು. ಒಂದು ಮಾತೂ ಅರ್ಥವಾಗುತ್ತಿರಲಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ ಪೂಜಾವಿಧಿಯ ಮೇಲಿನ ತನ್ನ ನಿರ್ಣಯವನ್ನು ಹೊರಡಿಸಿದ್ದು 1963ರ ಡಿಸೆಂಬರ್ 4ರಂದು. ಆಡುಮಾತಿಗೆ ಬಾಗಿಲು ತೆರೆದದ್ದು ಆಮೇಲೆ. ನಿಮ್ಮ ತಾಯಿ 70ಕ್ಕೆ ಹೋದರು ಎಂದರೆ ಅವರು ಮೊದಲ ಪರಮಪ್ರಸಾದ ತೆಗೆದುಕೊಂಡದ್ದೂ ಬಹುಶಃ ಲ್ಯಾಟಿನ್ ಪೂಜೆಯಲ್ಲೇ. ಹಾಗಾದರೆ ಅಷ್ಟು ತಲೆಮಾರಿನ ಹೆಂಗಸರು ಆ ಒಂದು ಗಂಟೆ ಏನು ಮಾಡುತ್ತಿದ್ದರು? ಸೆರಗು ತಲೆಗೆ ಎಳೆದುಕೊಂಡು ಕೈಯಲ್ಲಿ ಜಪಸರ ಹಿಡಿದು ಕನ್ನಡದಲ್ಲಿ ತಮ್ಮ ಪಾಡಿಗೆ ಪ್ರಾರ್ಥಿಸುತ್ತಿದ್ದರು. ಗಂಟೆ ಬಾರಿಸಿದಾಗ ತಲೆಯೆತ್ತಿ ನೋಡುತ್ತಿದ್ದರು, ಮತ್ತೆ ಮಣಿ ಎಣಿಸುತ್ತಿದ್ದರು. ಹಸುವಿನ ಕರು, ಮಳೆ, ಮಗಳ ಮದುವೆ ಎಲ್ಲವನ್ನೂ ಅಲ್ಲೇ ಹೇಳಿಕೊಳ್ಳುತ್ತಿದ್ದರು. ಪೀಠದ ಭಾಷೆ ಒಂದು, ಬೆಂಚಿನ ಭಾಷೆ ಒಂದು.

ನೀವು ಇಂಗ್ಲಿಷ್ ಪೂಜೆಯಲ್ಲಿ ಕೂತು ಮನಸ್ಸಿನೊಳಗೆ ಕನ್ನಡದಲ್ಲಿ ಮಾತಾಡಿಕೊಂಡರೆ ಅದನ್ನು ಕಳ್ಳತನ ಎಂದುಕೊಳ್ಳಬೇಡಿ. ಅದು ನಿಮ್ಮಜ್ಜಿ ಮಾಡಿದ ಕೆಲಸವೇ. ಉತ್ತರಗಳನ್ನು ಎಲ್ಲರ ಜೊತೆ ಇಂಗ್ಲಿಷಿನಲ್ಲಿ ಹೇಳಿ, ಯಾಕೆಂದರೆ ಅದು ಸಭೆಯ ಧ್ವನಿ. ಮೌನದ ಹೊತ್ತು ಬಂದಾಗ, ಪರಮಪ್ರಸಾದ ತೆಗೆದುಕೊಂಡು ಬಂದು ಕೂತಾಗ, ಅಮ್ಮ ಎತ್ತಿಕೊಡುತ್ತಿದ್ದ ಹಾಡನ್ನು ತುಟಿಯೊಳಗೆ ಹಾಡಿಕೊಳ್ಳಿ.

ಗೊರೂರಿನಲ್ಲಿ ಅಣೆಕಟ್ಟು ಎದ್ದು ನೀರು ನಿಂತಾಗ ಶೆಟ್ಟಿಹಳ್ಳಿಯವರು ಗುಡಿ ಬಿಟ್ಟು, ಸಮಾಧಿಗಳನ್ನೂ ಬಿಟ್ಟು ಹೊಸ ಜಾಗಕ್ಕೆ ಎದ್ದು ಬಂದರು. ಹೊಸ ಜಾಗದಲ್ಲಿ ಮೊದಲ ತಪಸ್ಸುಕಾಲ ಅವರಿಗೆ ಹೇಗಿತ್ತೋ, ಅಜ್ಜಿ ಇದ್ದಿದ್ದರೆ ಕೇಳಬಹುದಿತ್ತು. ನಿಮ್ಮ ಮನೆತನಕ್ಕೆ ಇದು ಮೊದಲ ಸ್ಥಳಾಂತರ ಅಲ್ಲ.

ಮನೆಗೆಲಸದ ಹೆಂಗಸರ ಬಗ್ಗೆ ನೀವು ಬರೆದ ಸಾಲಿನ ಹತ್ತಿರ ನಾನು ಸ್ವಲ್ಪ ನಿಂತೆ. ನೀವು ಅದನ್ನು ಕೆಟ್ಟ ಮನಸ್ಸಿನಿಂದ ಬರೆದಿಲ್ಲ, ಗೊತ್ತು. ಆದರೆ ಆ ಹೆಂಗಸರು ಯಾರು ಎಂದು ಸ್ವಲ್ಪ ಹೇಳಬೇಕು. ದೆಹಲಿ, ಗುರುಗ್ರಾಮದ ಹಿಂದಿ ಪೂಜೆಗಳನ್ನು ತುಂಬುವವರಲ್ಲಿ ಬಹಳ ಮಂದಿ ಗುಮ್ಲಾ, ಸಿಮ್ಡೇಗಾ, ಜಶ್‌ಪುರದ ಕಡೆಯ ಆದಿವಾಸಿಗಳು. ಬೆಲ್ಜಿಯಂನಿಂದ ಬಂದ ಯೇಸುಸಭೆಯ ಗುರು ಕಾನ್‌ಸ್ಟಂಟ್ ಲೀವನ್ಸ್ 1885ರಲ್ಲಿ ಛೋಟಾನಾಗಪುರಕ್ಕೆ ಹೋಗಿ ಅಲ್ಲಿನ ರೈತರ ಜಮೀನಿನ ವ್ಯಾಜ್ಯಗಳಲ್ಲಿ ಅವರ ಪರ ನಿಂತರು. ಅಲ್ಲಿಂದ ಬೆಳೆದ ಧರ್ಮಸಭೆ ಅವರದು. ಹಿಂದಿ ಅವರಿಗೂ ಮನೆಮಾತಲ್ಲ. ಮನೆಯಲ್ಲಿ ಆಡುವುದು ಕುಡುಖ್, ಮುಂಡಾರಿ, ಖಡಿಯಾ, ಸಾದ್ರಿ. ಕುಡುಖ್ ಅಂತೂ ದ್ರಾವಿಡ ಭಾಷೆ, ಕನ್ನಡದ ದೂರದ ತಂಗಿ. ನಮ್ಮ ಕಣ್ಣು ಅವರ ಬಾಯಲ್ಲಿ ಖನ್, ನಮ್ಮ ನೀನು ಅಲ್ಲಿಯೂ ನೀನ್. ನಿಮ್ಮ ಬೆಂಚಿನ ತುದಿಯಲ್ಲಿ ಕೂತ ಹುಡುಗಿ ಕೂಡ ತನ್ನ ಅಮ್ಮ ಎತ್ತಿಕೊಡುತ್ತಿದ್ದ ಹಾಡನ್ನು ಬಿಟ್ಟು ಬಂದವಳು. ವರ್ಷಕ್ಕೊಮ್ಮೆ ಊರಿಗೆ ಹೋಗುವವಳು. ಅವಳ ಮನೆಯಲ್ಲಿ ಯಾರಾದರೂ ತೀರಿಕೊಂಡರೆ ಅವಳಿಗೆ ವಿಮಾನವೂ ಇಲ್ಲ, ಯಜಮಾನರು ಬಿಟ್ಟರೆ ರೈಲು.

ಅದಕ್ಕೇ ನನ್ನ ಸಲಹೆ ಇದು: ಈ ಫೆಬ್ರವರಿ 18ರ ಸಂಜೆ ಹಿಂದಿ ಪೂಜೆಗೇ ಹೋಗಿ. ಪ್ರತಿ ವಾರ ಅಂತ ಹೇಳುತ್ತಿಲ್ಲ, ಆ ಒಂದು ದಿನ. ಅವರು ಅದನ್ನು ರಾಖ್ ಬುಧ್ ಎನ್ನುತ್ತಾರೆ, ತಪಸ್ಸುಕಾಲವನ್ನು ಚಾಲೀಸಾ ಎನ್ನುತ್ತಾರೆ. ಪಕ್ಕದಲ್ಲಿ ಕೂತವಳನ್ನು ಹೆಸರು ಕೇಳಿ, ಊರು ಕೇಳಿ. ನಿಮ್ಮ ಸೊಸೈಟಿಯಲ್ಲಿ ಅಥವಾ ನಿಮ್ಮ ಮನೆಯಲ್ಲೇ ಕೆಲಸ ಮಾಡುವ ಹುಡುಗಿ ಕ್ರೈಸ್ತಳಾಗಿದ್ದರೆ ಆ ಸಂಜೆ ಅವಳಿಗೆ ಬಿಡುವು ಸಿಗುವಂತೆ ನೋಡಿಕೊಳ್ಳಿ. ಎಷ್ಟೋ ಮನೆಗಳಲ್ಲಿ ಅವರಿಗೆ ಆ ಎರಡು ಗಂಟೆ ಕೇಳಲು ಧೈರ್ಯ ಬರುವುದಿಲ್ಲ. ನೀವು ಹೊರಡುವಾಗ ಅವಳನ್ನೂ ಜೊತೆಗೆ ಆಟೋದಲ್ಲಿ ಕೂರಿಸಿಕೊಂಡು ಹೋದರೆ, ಆ ತಪಸ್ಸು ಒಪ್ಪೊತ್ತಿನ ಊಟಕ್ಕಿಂತ ದೊಡ್ಡದು ಎಂದು ನಾನು ನಂಬುತ್ತೇನೆ.

ನಾನೂ ಒಂದು ಕಾಲದಲ್ಲಿ ಆರು ವರ್ಷ ದೆಹಲಿಯಲ್ಲಿದ್ದೆ. ಮೊದಲ ವಿಭೂತಿ ಬುಧವಾರ ಗೋಲ್ ಡಾಕ್‌ಖಾನೆ ಹತ್ತಿರದ ಸೇಕ್ರೆಡ್ ಹಾರ್ಟ್ ಕೆಥೆಡ್ರಲ್‌ಗೆ ಹೋದೆ. ಅಸ್ತಿವಾರ 1929ರದು, ಹೆನ್ರಿ ಮೆಡ್ ಎಂಬ ವಾಸ್ತುಶಿಲ್ಪಿಯ ವಿನ್ಯಾಸ. ರಾಷ್ಟ್ರಪತಿ ಭವನದ ಬಳಿಯ ರಿಡೆಂಪ್ಷನ್ ಕೆಥೆಡ್ರಲ್ ಕೂಡ ಅವರದೇ. ನನಗೆ ಆಗ ಅದೊಂದೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಂದೇ, ಇಷ್ಟು ಎತ್ತರದ ಕಮಾನಿನ ಕೆಳಗೆ ನನ್ನನ್ನು ಗುರುತಿಸುವ ಒಬ್ಬರೂ ಇಲ್ಲ. ಸಾಲಿನಲ್ಲಿ ನನ್ನ ಮುಂದೆ ಒಬ್ಬಾಕೆ ಮಗುವನ್ನು ಸೊಂಟಕ್ಕೆ ಹೊತ್ತು ನಿಂತಿದ್ದಳು. ಗುರುಗಳು ಬಟ್ಟಲಿಗೆ ಹೆಬ್ಬೆರಳು ಅದ್ದಿ ಆಕೆಯ ಹಣೆಗೆ ಒತ್ತಿ, ಮಣ್ಣಾಗಿರುವುದನ್ನು ನೆನಪಿಸುವ ಆ ಮಾತನ್ನು ಹಿಂದಿಯಲ್ಲಿ ಹೇಳಿದರು. ಮಗು ತಾನೂ ಹಣೆ ಮುಂದಕ್ಕೆ ಚಾಚಿತು. ಅದಕ್ಕೂ ಹಚ್ಚಿದರು. ಪುಡಿ ಉದುರಿ ಮೂಗಿನ ಮೇಲೆ ಬಿದ್ದು ಮಗು ಸೀನಿತು, ಆಕೆ ಸೆರಗಿನಿಂದ ಮೂಗು ಒರೆಸಿದಳು, ಹಣೆ ಮುಟ್ಟಲಿಲ್ಲ. ನನ್ನ ಸರದಿಗೆ ಗುರುಗಳು ಮುಖ ನೋಡಿ ಇಂಗ್ಲಿಷಿಗೆ ಹೊರಳಿದರು. ಹೆಬ್ಬೆರಳಿನ ಒರಟು, ಬೂದಿಯ ಒಣ ಚುರುಚುರು, ಎರಡೂ ನನ್ನ ಊರಿನದ್ದೇ ಆಗಿದ್ದವು. ಹೊರಗೆ ಬಂದಾಗ ಕತ್ತಲಾಗಿತ್ತು, ಬಂಗ್ಲಾ ಸಾಹಿಬ್ ಗುರುದ್ವಾರದ ದೀಪಗಳು ಕಾಣುತ್ತಿದ್ದವು. ಆ ತಾಯಿ ಮೆಟ್ಟಿಲ ಮೇಲೆ ಕೂತು ಮಗುವಿಗೆ ಬಿಸ್ಕತ್ತು ಕೊಡುತ್ತಿದ್ದಳು. ನಾನೂ ಅಲ್ಲೇ ಸ್ವಲ್ಪ ಹೊತ್ತು ಕೂತೆ. ಮಾತಾಡಿದ್ದು ಎರಡೋ ಮೂರೋ ವಾಕ್ಯ. ಮುಂದಿನ ಭಾನುವಾರ ಅವಳು ದೂರದಿಂದ ನನ್ನ ಕಡೆ ಕೈ ಎತ್ತಿದಳು. ಅಲ್ಲಿಂದ ನನಗೆ ದೆಹಲಿಯ ಚರ್ಚು ಶುರುವಾಯಿತು. ನಿಮ್ಮ ಬಡಾವಣೆಯ ಚರ್ಚು ಉಸಿರು ಕಟ್ಟಿಸಿದ ದಿನ ನೀವೂ ಹಳದಿ ಮೆಟ್ರೋ ಹತ್ತಿ ಪಟೇಲ್ ಚೌಕ್‌ನಲ್ಲಿ ಇಳಿಯಿರಿ, ಗುರುಗ್ರಾಮದಿಂದ ಗಾಡಿ ಬದಲಿಸಬೇಕಿಲ್ಲ.

ಹಣೆಯ ಮೇಲಿನ ಬೂದಿಯ ವಿಷಯ ಸುಲಭದ್ದು. ಸಂಜೆಯ ಪೂಜೆಗೆ ಹೋದರೆ ಆಫೀಸಿನ ಪ್ರಶ್ನೆಯೇ ಏಳುವುದಿಲ್ಲ. ಬೆಳಿಗ್ಗೆ ಹೋದರೂ ಅದನ್ನು ದಿನವಿಡೀ ಉಳಿಸಿಕೊಳ್ಳಬೇಕೆಂಬ ನಿಯಮವಿಲ್ಲ. ಆ ದಿನ ಓದುವ ಮತ್ತಾಯನ ಶುಭಸಂದೇಶದ ಆರನೇ ಅಧ್ಯಾಯ ನೆನಪಿಸಿಕೊಳ್ಳಿ, ಉಪವಾಸ ಮಾಡುವವರು ಮುಖ ತೊಳೆದುಕೊಂಡು ಹಸನಾಗಿರಲಿ, ಜನರಿಗೆ ತೋರಿಸುವುದಕ್ಕಾಗಿ ಬೇಡ ಎಂಬ ಅರ್ಥದ ಮಾತು ಅದು. ಒರೆಸಿಕೊಂಡರೆ ನಂಬಿಕೆ ಬಿಟ್ಟಂತಲ್ಲ, ಇಟ್ಟುಕೊಂಡರೆ ಜಗಳ ತೆಗೆದಂತಲ್ಲ. ಇಟ್ಟುಕೊಳ್ಳಬೇಕು ಅನ್ನಿಸಿದರೆ ಇಟ್ಟುಕೊಳ್ಳಿ. ಹಣೆಗೆ ತಿಲಕ, ಕುಂಕುಮ, ಚಂದನ ಇಟ್ಟುಕೊಂಡು ಬರುವವರ ನಡುವೆ ಯಾರಾದರೂ ಇದೇನು ಎಂದು ಕೇಳಿದರೆ ನಮ್ಮ ಉಪವಾಸ ಇವತ್ತು ಶುರು ಎಂದರೆ ಸಾಕು, ಈ ದೇಶದಲ್ಲಿ ಉಪವಾಸ ಅರ್ಥವಾಗದವರು ಯಾರಿದ್ದಾರೆ? ನಮ್ಮ ಕನ್ನಡದ ಹಿರಿಯರು ಈ ಬೂದಿಗೆ ವಿಭೂತಿ ಎಂದು ಹೆಸರಿಟ್ಟದ್ದೇ ಅಕ್ಕಪಕ್ಕದ ಮನೆಗಳ ಮಾತನ್ನು ಕೇಳಿಸಿಕೊಂಡು. ನಿಮ್ಮ ಗಂಡನಿಗೆ ಹೆದರಿಕೆ ಇದ್ದರೆ ಅದನ್ನು ಹೇಡಿತನ ಎಂದು ತಳ್ಳಿಹಾಕಬೇಡಿ, ಕೂತು ಮಾತಾಡಿ. ಏನು ಕೇಳಿದ್ದಾರೆ, ಏನು ಓದಿದ್ದಾರೆ, ಅವರ ಆಫೀಸಿನಲ್ಲಿ ಯಾರಾದರೂ ಏನಾದರೂ ಅಂದಿದ್ದಾರೆಯೇ, ಕೇಳಿ.

ಪಕ್ಕದ ಮನೆಯವರ ಸೋಮವಾರದಲ್ಲೂ ಗೊಂದಲವಿಲ್ಲ. ಅವರು ಸಿರೋ ಮಲಬಾರ್ ಪಂಥದ ಕಥೋಲಿಕರು, 2012ರಲ್ಲಿ ಫರೀದಾಬಾದನ್ನು ಕೇಂದ್ರವಾಗಿಸಿ ಅವರಿಗೇ ಧರ್ಮಪ್ರಾಂತ್ಯವೊಂದನ್ನು ಮಾಡಲಾಯಿತು. ಅವರು ಐವತ್ತು ನೋಂಬು ಎಂದು ಕರೆಯುವ ತಪಸ್ಸುಕಾಲ ಸೋಮವಾರವೇ ಶುರು, ಈ ವರ್ಷ ಫೆಬ್ರವರಿ 16. ಎರಡು ದಿನ ಮೊದಲು ಹೊರಟು ಅವರೂ ಏಪ್ರಿಲ್ 5ರ ಪಾಸ್ಖಕ್ಕೇ ಬಂದು ಸೇರುತ್ತಾರೆ. ಆ ಮನೆಯ ಗೃಹಿಣಿಯನ್ನು ಒಂದು ಶುಕ್ರವಾರ ಗಂಜಿಗೆ ಕರೆಯಿರಿ. ಕೇರಳದವರಿಗೆ ಗಂಜಿಯ ಬಗ್ಗೆ ಹೇಳಿಕೊಡಬೇಕಾದ್ದು ಏನೂ ಇಲ್ಲ.

ಕನ್ನಡಕ್ಕೆ ಶುಕ್ರವಾರವನ್ನು ಇಟ್ಟುಕೊಳ್ಳಿ. ರಾತ್ರಿ ಎಂಟಕ್ಕೆ ಮನೆಯಲ್ಲೇ ಶಿಲುಬೆಯ ಹಾದಿ. ಹದಿನಾಲ್ಕು ಸ್ಥಳಗಳಿಗೂ ಹದಿನಾಲ್ಕು ಚಿತ್ರ ಬೇಕಿಲ್ಲ, ಗೋಡೆಯ ಮೇಲಿನ ಆ ಒಂದು ಶಿಲುಬೆ ಸಾಕು. ನೀವು ಕನ್ನಡದಲ್ಲಿ ಓದಿ, ಗಂಡ ಒಂದೆರಡು ಸ್ಥಳಗಳನ್ನು ಕೊಂಕಣಿಯಲ್ಲಿ ಓದಲಿ. ಅವರಿಗೂ ಅವರ ತಾಯಿಯ ಖುರ್ಸಾಚಿ ವಾಟ್ ನೆನಪಿರುತ್ತದೆ, ಬಾಯಿಬಿಟ್ಟು ಹೇಳಿರಲಿಕ್ಕಿಲ್ಲ. ಕರ್ನಾಟಕದಲ್ಲಿ ಈ ಎರಡು ಭಾಷೆಗಳ ನಡುವೆ ಚರ್ಚಿನ ವಿಚಾರಕ್ಕೆ ಆಗಿರುವ ಮನಸ್ತಾಪ ನಿಮ್ಮ ಹಾಲಿನೊಳಗೆ ಬರುವುದು ಬೇಡ. ಕನ್ನಡದಲ್ಲಿ ಪಾಪನಿವೇದನೆ ಮಾಡಬೇಕೆನಿಸಿದರೆ ನಿಮ್ಮ ವಿಚಾರಣಾ ಗುರುಗಳನ್ನೇ ಕೇಳಿ, ಕರಾವಳಿಯ ಗುರುಗಳು ಮತ್ತು ಕನ್ಯಾಸ್ತ್ರೀಯರು ದೆಹಲಿಯ ಕಡೆ ಸೇವೆಗೆ ಬರುವುದು ಹೊಸದಲ್ಲ. 2000ದಿಂದ 2012ರವರೆಗೆ ದೆಹಲಿಯ ಮಹಾಧರ್ಮಾಧ್ಯಕ್ಷರಾಗಿದ್ದ ವಿನ್ಸೆಂಟ್ ಕೊನ್ಸೆಸ್ಸಾವೊ ಮಂಗಳೂರಿನ ಮಣ್ಣಿನವರೇ. ರಾಜ್ ನಿವಾಸ್ ಮಾರ್ಗದ ವಿದ್ಯಾಜ್ಯೋತಿ ದೈವಶಾಸ್ತ್ರ ಕಾಲೇಜಿಗೆ ಕರ್ನಾಟಕದ ತರುಣರೂ ಓದಲು ಬರುತ್ತಾರೆ. ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘಕ್ಕೆ ಒಮ್ಮೆ ಹೋಗಿ ಬನ್ನಿ, ನಿಮ್ಮ ಹಾಗೆಯೇ ಹುಡುಕುತ್ತಿರುವ ಇನ್ನೊಂದು ಮನೆ ಅಲ್ಲಿ ಸಿಗಬಹುದು.

ಮಗನನ್ನು ಈಗ ಎಳೆದಾಡಬೇಡಿ. ಅವನ ಬೋರ್ಡ್ ಪರೀಕ್ಷೆ ಶುರುವಾಗುವುದೇ ಫೆಬ್ರವರಿ 17ಕ್ಕೆ, ವಿಭೂತಿ ಬುಧವಾರದ ಹಿಂದಿನ ದಿನ. ಶುಕ್ರವಾರ ನೀವು ಓದುವಾಗ ಅವನು ತನ್ನ ಕೋಣೆಯಲ್ಲೇ ಇರಲಿ, ಬಾಗಿಲು ತೆರೆದಿರಲಿ. ಅವನ ಅಜ್ಜಿ ಹೋದದ್ದು ಅವನಿಗೂ ಆಗಿದೆ, ಅದನ್ನು ಅವನು ಯಾರ ಹತ್ತಿರ ಹೇಳಿಕೊಂಡಿದ್ದಾನೆ ಎಂದು ನಿಮ್ಮ ಪತ್ರದಲ್ಲಿಲ್ಲ.

ಇನ್ನು ಆ ಕೆಲಸದ ಮಾತು. ಈ ವರ್ಷದ ಗರಿಗಳ ಭಾನುವಾರ ಮಾರ್ಚ್ 29. ಅಂದರೆ ಆರು ವಾರ ಸಮಯವಿದೆ. ಒಂದು ರಾತ್ರಿ ಆ ಶಿಲುಬೆಯನ್ನು ಗೋಡೆಯಿಂದ ಕೆಳಗಿಳಿಸಿ ಬಿಳಿ ಬಟ್ಟೆಯ ಮೇಲಿಡಿ. ಬಿಚ್ಚಲು ಹೋಗಬೇಡಿ, ಹತ್ತು ತಿಂಗಳು ಒಣಗಿದ ಈಚಲು ಮುಟ್ಟಿದರೆ ಮುರಿಯುತ್ತದೆ. ಎದುರಿನಿಂದ ಒಂದು, ಹಿಂದಿನಿಂದ ಒಂದು ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಯಾವ ಎಳೆ ಯಾವುದರ ಮೇಲೆ ಹೋಗಿದೆ, ಅಡ್ಡಗೈ ಎಲ್ಲಿ ಒಳಗೆ ಹೊಕ್ಕಿದೆ, ತುದಿಯನ್ನು ಎಲ್ಲಿ ಸಿಕ್ಕಿಸಿದ್ದಾರೆ ಎಂದು ಕಾಗದದ ಪಟ್ಟಿಯಲ್ಲಿ ಮಾಡಿ ಕಲಿಯಿರಿ. ಮೊದಲ ಸಲ ಸೊಟ್ಟಗಾಗುತ್ತದೆ, ನಾಲ್ಕನೇ ಸಲಕ್ಕೆ ಕೈ ಕೂರುತ್ತದೆ. 29ರಂದು ಚರ್ಚಿನಲ್ಲಿ ಯಾವ ಗರಿ ಕೊಟ್ಟರೂ ಎರಡು ಹೆಚ್ಚು ತೆಗೆದುಕೊಂಡು ಬನ್ನಿ. ಮಗ ಎದುರಿಗೆ ಕೂತು ಫೋನು ನೋಡುತ್ತಿದ್ದರೂ ಪರವಾಗಿಲ್ಲ, ಹೆಣೆಯಲು ಶುರುಮಾಡಿ. ಮೊದಲ ಮಡಿಕೆ ಎಡಕ್ಕೋ ಬಲಕ್ಕೋ ಆಮೇಲೆ ನನಗೂ ಬರೆದು ತಿಳಿಸಿ.